ಕುಟುಂಬ ವೀಸಾದ ಹಿಂದಿನ ಯಹೂದಿ ಹೋರಾಟ

ಮಾನ್ಯರೇ,

ಅಮೆರಿಕದ ವಲಸೆ ನೀತಿ ಕುರಿತು ನಮ್ಮ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಬಹುಪಾಲು ಎಚ್‌–1ಬಿ ವೀಸಾದ ಸುತ್ತಲೇ ಗಿರಕಿ ಹೊಡೆಯುತ್ತದೆ. ಹೆತ್ತವರನ್ನು, ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಇರುವ ಕುಟುಂಬ ವೀಸಾದ ಮಾತು ಬರುವುದೇ ಅಪರೂಪ. ಅಲ್ಲಿನ ಕೆಲವು ರಾಜಕಾರಣಿಗಳು ಇದನ್ನು ‘ಸರಪಳಿ ವಲಸೆ’ ಎಂದು ಹೀಗಳೆಯುತ್ತಿರುವಾಗ, ಇದರ ಹಿಂದಿರುವ ಯಹೂದಿ ಸಮುದಾಯದ ದೀರ್ಘ ಹೋರಾಟವನ್ನು ನಾವೂ ಅರಿತಿರಬೇಕು.

1924ರ ವಲಸೆ ಕಾಯ್ದೆಯು ದೇಶವಾರು ಕೋಟಾ ಹೇರಿ ಪೂರ್ವ ಯುರೋಪಿನ ಯಹೂದಿಗಳಿಗೆ ಬಾಗಿಲನ್ನು ಬಹುತೇಕ ಮುಚ್ಚಿತು. ಭಾರತೀಯರನ್ನಂತೂ ಹೊಸ್ತಿಲಿಗೇ ಸೇರಿಸಲಿಲ್ಲ. 1939ರಲ್ಲಿ ‘ಸೇಂಟ್ ಲೂಯಿಸ್’ ಹಡಗಿನಲ್ಲಿ ಜರ್ಮನಿಯಿಂದ ಪಾರಾಗಿ ಬಂದ 900ಕ್ಕೂ ಹೆಚ್ಚು ಯಹೂದಿಗಳಲ್ಲಿ ಬಹುಪಾಲು ಜನ ಅಮೆರಿಕದ ವೀಸಾ ಸರದಿಗಾಗಿ ಕಾಯುತ್ತಿದ್ದವರೇ ಆಗಿದ್ದರೂ, ಕೋಟಾ ನೆಪದಲ್ಲಿ ಅವರಿಗೆ ಅಲ್ಲಿ ಇಳಿಯಲು ಅವಕಾಶ ಸಿಗಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಮಂದಿ ನಾಜಿಗಳ ನರಮೇಧಕ್ಕೆ ಬಲಿಯಾದರು. 1924ರಲ್ಲೇ ಆ ಕಾಯ್ದೆಯನ್ನು ವಿರೋಧಿಸಿದ್ದ ಬ್ರೂಕ್ಲಿನ್‌ನ ಯಹೂದಿ ಸಂಸದ ಇಮ್ಯಾನುಯೆಲ್ ಸೆಲ್ಲರ್ ಪಟ್ಟು ಬಿಡದೆ, ಕೋಟಾ ಪದ್ಧತಿ ಕಿತ್ತುಹಾಕುವ ಮಸೂದೆಗೆ 1965ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದರು. ಆ ಕಾಯ್ದೆಯಲ್ಲಿ ರಕ್ತಸಂಬಂಧಕ್ಕೆ ಆದ್ಯತೆ ಹೆಚ್ಚಿಸಿದವರಲ್ಲಿ, ಯುರೋಪಿಯನ್ನರ ಪ್ರಾಬಲ್ಯ ಹಾಗೇ ಉಳಿದೀತೆಂದು ಲೆಕ್ಕ ಹಾಕಿದವರೂ ಇದ್ದರು. ಲೆಕ್ಕ ತಲೆಕೆಳಗಾಗಿ, ಅದೇ ದಾರಿಯಲ್ಲಿ ನಮ್ಮವರೂ ಹೋದರು ಎಂಬುದು ಬೇರೆ ಮಾತು.

ಹೋರಾಟ ಅಲ್ಲಿಗೇ ನಿಲ್ಲಲಿಲ್ಲ. 1989ರಲ್ಲಿ ಸೆನೆಟರ್ ಫ್ರಾಂಕ್ ಲಾಟೆನ್‌ಬರ್ಗ್ ತಂದ ತಿದ್ದುಪಡಿಯಿಂದ ಸೋವಿಯತ್ ಒಕ್ಕೂಟದ ಯಹೂದಿಗಳು ನಿರಾಶ್ರಿತರಾಗಿ ಅಮೆರಿಕ ಸೇರುವುದು ಸುಲಭವಾಯಿತು. ಯಹೂದಿ ನಿರಾಶ್ರಿತರ ನೆರವಿಗೆಂದೇ ಹುಟ್ಟಿದ ‘ಹಯಾಸ್’ ಸಂಸ್ಥೆ ಇಂದು ಎಲ್ಲ ಧರ್ಮದ ವಲಸಿಗರ ಪರವಾಗಿಯೂ ದನಿ ಎತ್ತುತ್ತಿದೆ.

2013ರಲ್ಲಿ ಸೆನೆಟ್ ಒಪ್ಪಿದ್ದ ಮಸೂದೆ ಒಡಹುಟ್ಟಿದವರ ವೀಸಾ ವರ್ಗವನ್ನೇ ರದ್ದುಪಡಿಸಲಿತ್ತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳದ ಕಾರಣ ಆ ವರ್ಗ ಉಳಿಯಿತು. ಉಳಿದರೂ ಭಾರತದ ಅರ್ಜಿದಾರರು ಹದಿನೈದು ವರ್ಷಕ್ಕೂ ಹೆಚ್ಚು ಕಾಯಬೇಕು. ಅಕ್ಕ ಅರ್ಜಿ ಹಾಕಿದಾಗ ಒಂದನೇ ತರಗತಿಯಲ್ಲಿದ್ದ ತಮ್ಮನ ಮಗನಿಗೆ, ಸರದಿ ಬರುವ ಹೊತ್ತಿಗೆ 21 ದಾಟಿರುತ್ತದೆ. ಅಪ್ಪ–ಅಮ್ಮ ಹೊರಡಬಹುದು, ಅವನು ಸಾಮಾನ್ಯವಾಗಿ ಅವರ ಜೊತೆ ಹೋಗುವಂತಿಲ್ಲ.

ಅಮೆರಿಕದ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳಿಗಷ್ಟೇ ಸೀಮಿತವಾಗದೆ ಈ ವಿಷಯದಲ್ಲಿ ಯಹೂದಿ ಸಂಘಟನೆಗಳ ಜೊತೆ ಕೈಜೋಡಿಸಿ ತಮ್ಮ ಸಂಸದರ ಮುಂದೆ ಬೇಡಿಕೆ ಇಡಬೇಕು. ತಮ್ಮ ಪತ್ರಿಕೆಯೂ ಕುಟುಂಬ ವೀಸಾದ ಬಗ್ಗೆ ವಿವರವಾದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಮೈಸೂರು