ಆ ಆರು ತಟ್ಟೆಯವರು ಯಾರು, ಸಂಸದರೇ?

ಮುಂಬೈಯ ನಮ್ಮ ಸಂಸದರಿಗೆ,

ನಮಸ್ಕಾರ. ಪತ್ರ ಕನ್ನಡದಲ್ಲಿದೆ, ಬೇಜಾರು ಮಾಡ್ಕೋಬೇಡಿ. ಓದಿ ಹೇಳಲು ನಿಮ್ಮ ಆಫೀಸಿನಲ್ಲಿ ಒಬ್ಬ ಶೆಟ್ರಾದರೂ ಇದ್ದೇ ಇರುತ್ತಾರೆ.

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಬಂದವರು ನೀವು ಯುದ್ಧದ ಬಗ್ಗೆಯೇ ಹತ್ತು ನಿಮಿಷ ಮಾತಾಡಿದಿರಿ. ಉಕ್ರೇನ್ ಬಂತು, ಗಾಜಾ ಬಂತು. ಪಾಕಿಸ್ತಾನದ ಹೆಸರಿಗೆ ಚಪ್ಪಾಳೆಯೂ ಬಿತ್ತು. ಮ್ಯಾನ್ಮಾರ್ ಮಾತ್ರ ಬರಲಿಲ್ಲ. ಅದರ ಜೊತೆ ನಮಗೆ 1,643 ಕಿಲೋಮೀಟರ್ ಗಡಿ ಇದೆ. 2021ರ ಫೆಬ್ರುವರಿ 1ರಂದು ಸೇನೆ ಅಲ್ಲಿ ಅಧಿಕಾರ ಕಿತ್ತುಕೊಂಡಿತು. ಅಲ್ಲಿಯ ಈಗಿನ ಯುದ್ಧ ಶುರುವಾದದ್ದು ಆಮೇಲೆ.

ನನಗೂ ಇದೆಲ್ಲ ಗೊತ್ತಿರಲಿಲ್ಲ ಬಿಡಿ. ನನ್ನ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಹುಡುಗ ಮಿಜೋರಾಂನ ಚಂಫಾಯ್ ಕಡೆಯವನು. ಪ್ರತಿ ತಿಂಗಳು 20ನೇ ತಾರೀಕಿಗೆ ಗಲ್ಲಾದ ಹತ್ತಿರ ಬಂದು, ‘ಸೇಟ್, ಥೋಡಾ ಅಡ್ವಾನ್ಸ್’ ಅಂತ ನಿಲ್ಲುತ್ತಿದ್ದ. ಕುಡಿತದ ಚಟ ಇರಬೇಕು ಅಂದುಕೊಂಡು ಒಂದು ದಿನ ಬೈದೆ. ಅವನು ಸುಮ್ನೆ ಮೊಬೈಲ್ ತೆಗೆದು ತೋರಿಸಿದ. ಬಿದಿರು ಗೋಡೆಯ ಮನೆ. ನೆಲದ ಮೇಲೆ ಸಾಲಾಗಿ ಹನ್ನೊಂದು ತಟ್ಟೆ. ಐದು ಅವನ ಮನೆಯವರದು. ಮಿಕ್ಕ ಆರು, ಗಡಿಯ ಟಿಯಾವು ಹೊಳೆ ದಾಟಿ ಬಂದ ಮ್ಯಾನ್ಮಾರ್‌ನ ಚಿನ್ ಜನರದು. ‘ಹೊರಗಿನವರಲ್ಲ ಸೇಟ್, ನಮ್ಮದೇ ಜನ’ ಅಂದ. ಕೇಳಿದಷ್ಟು ಕೊಟ್ಟು ಕಳಿಸಿದೆ.

ನಾನು ಕೇರಳ ಗಡಿಯ ಮಂಜೇಶ್ವರದವನು. ನನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮಗೂ ಹೆಣ್ಣು ಕೊಟ್ಟದ್ದು ಗಡಿಯ ಆಚೆ, ಆಸ್ಪತ್ರೆಯೂ ಆಚೆಯೇ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಬಂದ್ ಆದಾಗ ನಮ್ಮ ಕಡೆಯ ರೋಗಿಗಳು ಮಂಗಳೂರು ಮುಟ್ಟಲಾಗದೆ ಒದ್ದಾಡಿದರು. ಕೆಲವರು ತೀರಿಯೇ ಹೋದರು. ಅದು ಒಂದೇ ದೇಶದ ಒಳಗಿನ ಗಡಿ!

2021ರ ಮಾರ್ಚ್‌ನಲ್ಲಿ ಗೃಹ ಸಚಿವಾಲಯ ಈಶಾನ್ಯದ ರಾಜ್ಯಗಳಿಗೆ ಬರೆಯಿತು: ಮ್ಯಾನ್ಮಾರ್‌ನಿಂದ ಯಾರನ್ನೂ ಒಳಗೆ ಬಿಡಬೇಡಿ. ಊಟ, ವಸತಿಗೆ ಕ್ಯಾಂಪ್ ತೆರೆಯಬೇಡಿ ಅಂತ ಮಣಿಪುರ ಸರ್ಕಾರ ಆದೇಶವನ್ನೇ ಹೊರಡಿಸಿತು. ಜನ ಛೀ ಅಂದ ಮೇಲೆ ಮೂರೇ ದಿನದಲ್ಲಿ ವಾಪಸ್ ತಗೊಂಡಿತು. ಮಿಜೋರಾಂನ ಆಗಿನ ಮುಖ್ಯಮಂತ್ರಿ ಜೋರಾಮ್‌ಥಂಗಾ ಮಾತ್ರ, ಓಡಿಬಂದವರನ್ನು ತಡೆಯೋದು ನಮ್ಮ ಕೈಲಾಗದು ಅಂತ ಪ್ರಧಾನಿಗೇ ಬರೆದರು. 1966ರಲ್ಲಿ ಮಿಜೋ ಬಂಡಾಯ ಹತ್ತಿಕ್ಕಲು ಐಜಾಲ್ ಮೇಲೆ ನಮ್ಮದೇ ವಿಮಾನಗಳು ಬಾಂಬ್ ಹಾಕಿದ್ದು ಅಲ್ಲಿಯ ಹಳಬರಿಗೆ ನೆನಪಿದೆ. ಮನೆ ಬಿಟ್ಟು ಓಡುವುದು ಏನೆಂದು ಅವರಿಗೆ ಗೊತ್ತು. 2023ರ ಚುನಾವಣೆಯಲ್ಲಿ ಜೋರಾಮ್‌ಥಂಗಾ ಸೋತು ಲಾಲ್‌ದುಹೋಮಾ ಬಂದರು. ಓಡಿಬಂದವರಿಗೆ ಆಸರೆ ಕೊಡುವ, ಸೋತವರ ಈ ಒಂದು ಕೆಲಸವನ್ನು ಗೆದ್ದವರು ಕೈಬಿಡಲಿಲ್ಲ. ನಮ್ಮ ಮಹಾರಾಷ್ಟ್ರದಲ್ಲಿ ಹೀಗಾಗಿದ್ದು ನೋಡಿದ್ದೀರಾ?

ನಿಮ್ಮಿಂದ ಇನ್ನೊಂದು ಭಾಷಣ ಬೇಡ. ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ. 15 ದಿನ ಮೊದಲು ಬರೆದುಕೊಟ್ಟರೆ ಆಯ್ತು. 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. 1946ರ ವಿದೇಶಿಯರ ಕಾಯ್ದೆ ತೆಗೆದು 2025ರಲ್ಲಿ ಹೊಸದು ತಂದೆವು. ಅದರಲ್ಲೂ ನಿರಾಶ್ರಿತರು ಅಂದರೆ ಯಾರು ಅಂತ ಒಂದು ಸಾಲಿಲ್ಲ. ಹಾಗಾದರೆ ಆ ಆರು ತಟ್ಟೆಯವರು ಕಾನೂನಿನ ಲೆಕ್ಕದಲ್ಲಿ ಯಾರು? ಅವರ ಅಕ್ಕಿಗೆ ಅಂತ ಕೇಂದ್ರ ಮಿಜೋರಾಂಗೆ ಎಷ್ಟು ಕೊಟ್ಟಿದೆ? ಇಷ್ಟೇ.

ಗಡಿಯಲ್ಲಿ ಡ್ರಗ್ಸ್, ಬಂದೂಕು ಬರುತ್ತದೆ ಅಂತೀರಿ. ಸುಳ್ಳಲ್ಲ. ಆದರೆ ಕಾನೂನಿನಲ್ಲಿ ಒಂದು ಜಾಗ ಇದ್ದರೆ ಜನ ತಾವಾಗಿಯೇ ಬಂದು ಹೆಸರು ಬರೆಸುತ್ತಾರೆ. ಇಲ್ಲದಿದ್ದರೆ ಅಡಗಿಕೊಳ್ಳುತ್ತಾರೆ. ಆಗ ಯಾರು ಎಂಥವರು ಅಂತ ಪೊಲೀಸರಿಗೆ ತಿಳಿಯೋದು ಹೇಗೆ?

ಉತ್ತರ ಬಂದರೆ ಹಿಂದಿಯ ಒಂದು ಪ್ರತಿ ಕಳಿಸಿ. ರಾತ್ರಿ ಶಟರ್ ಎಳೆದ ಮೇಲೆ ಹುಡುಗನಿಗೆ ಓದಿ ಹೇಳುತ್ತೇನೆ. ಈ ತಿಂಗಳ ಅಡ್ವಾನ್ಸನ್ನು ಅವನು 12ನೇ ತಾರೀಕಿಗೇ ತಗೊಂಡಿದ್ದಾನೆ.

ಇಂತಿ,
ಮುಲುಂಡ್‌ನ ಒಬ್ಬ ಹೋಟೆಲಿನವ