ನಿನ್ನ ಪತ್ರದ ಆ ಒಂದು ಸಾಲು

ಚಿ. ಮಗಳಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಉಳಿದದ್ದನ್ನೆಲ್ಲ ನಿಮ್ಮಮ್ಮ ಹೇಳಿದ್ದಳು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ಕಾದಂಬರಿ ಓದಿ ಓದಿ ನಾನು ಯಾರು ಅಂತ ಹುಡುಕಿದೆ, ಒಳಗೆ ಯಾರೂ ಇಲ್ಲ ದೊಡ್ಡಪ್ಪ’ ಅಂತ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಪ್ರಾಣೇಶಾಚಾರ್ಯರು ನೆನಪಾದರು. ಅಷ್ಟು ಶಾಸ್ತ್ರ ಓದಿದವರು, ಕಾಡಿನ ಒಂದು ರಾತ್ರಿ ಕಳೆದದ್ದೇ ತಾವು ಯಾರು ಅಂತ ಹೇಳಲಾರದೆ ಜಾತ್ರೆಯಲ್ಲಿ ಅಲೆಯುತ್ತಾರೆ. ಜೊತೆಗೆ ದಾರಿಯಲ್ಲಿ ಗಂಟುಬಿದ್ದ ಪುಟ್ಟ ಅನ್ನೋನು. ಒಗಟು ಕೇಳುತ್ತಾನೆ, ವಟವಟ ಅನ್ನುತ್ತಾನೆ, ಬೆನ್ನು ಬಿಡುವುದಿಲ್ಲ. ಮೊದಲ ಸಲ ಓದಿದಾಗ ನನಗೆ ಅವನೆಂದರೆ ಕಿರಿಕಿರಿ. ಈಗ ಅನ್ನಿಸುತ್ತೆ, ಅವನಿಲ್ಲದಿದ್ದರೆ ಆಚಾರ್ಯರು ಯೋಚಿಸಿ ಯೋಚಿಸಿಯೇ ಮುಗಿದುಹೋಗುತ್ತಿದ್ದರು.

ಒಳಗೆ ಯಾರೂ ಇಲ್ಲ ಅನ್ನುತ್ತೀಯ. ನಿನ್ನ ವಯಸ್ಸಲ್ಲಿ ನನಗೂ ಇದೇ ಹೆದರಿಕೆ ಇತ್ತು. ಬಾಗಿಲು ಹಾಕಿಕೊಂಡು, ಗೆರೆ ಎಳೆದ ಸಾಲುಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ನಿಮ್ಮ ತಾತ ಹೊರಗೆ ನಿಂತು, ‘ಅದೇನು ಕಥೆನೋ, ನಂಗೂ ಹೇಳೋ’ ಅನ್ನೋರು. ‘ಏನಿಲ್ಲಪ್ಪ, ಸುಮ್ನೆ’ ಅಂದುಬಿಡುತ್ತಿದ್ದೆ. ಈಗ ಹೇಳೋಣ ಅಂದರೆ ಅವರಿಲ್ಲ.

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ಇವಾನ್ ಇಲಿಚ್‌ನ ಸಾವಿನ ಕಥೆ ಓದಿದ್ದೀಯಾ? ನ್ಯಾಯಾಧೀಶ, ಹಾಸಿಗೆ ಹಿಡಿದಿದ್ದಾನೆ. ಸುತ್ತಲಿನವರೆಲ್ಲ ವಾಸಿಯಾಗುತ್ತೆ ಅಂತ ನಟಿಸುತ್ತಾರೆ. ಗೆರಾಸಿಮ್ ಅನ್ನೋ ಆಳು ಮಾತ್ರ ನಟಿಸದೆ, ಅವನ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ಕೂರುತ್ತಾನೆ. ಹಾಗಿಟ್ಟರೆ ನೋವು ಕಡಿಮೆ, ಅದಕ್ಕೆ. ಒಂದು ರಾತ್ರಿ ಆ ಹುಡುಗನ ನಿದ್ದೆಗಣ್ಣಿನ ಮುಖ, ಎದ್ದು ಕಾಣುವ ಕೆನ್ನೆಮೂಳೆ ನೋಡುತ್ತಿದ್ದಾಗಲೇ ಇವಾನನಿಗೆ ತಟ್ಟನೆ ಅನ್ನಿಸುವುದು, ತಾನು ಬದುಕಿದ ರೀತಿಯೇ ತಪ್ಪಿತ್ತೇನೋ ಅಂತ. ತನ್ನೊಳಗೆ ನೋಡಿಕೊಂಡಾಗ ಅಲ್ಲ, ಅಲ್ವಾ?

‘ಸಿದ್ಧಾರ್ಥ’ ಕಾದಂಬರಿ ಬರೆಯುತ್ತಿದ್ದ ಜರ್ಮನ್ ಲೇಖಕ ಹೆಸ್ಸೆ ಕೂಡ ಅರ್ಧಕ್ಕೇ ನಿಂತು, ವರ್ಷಕ್ಕೂ ಜಾಸ್ತಿ ಮುಂದಕ್ಕೆ ಹೋಗಲಾರದೆ ಒದ್ದಾಡಿದ. ಪುಸ್ತಕ ಬಂದದ್ದು 1922ರಲ್ಲಿ. ಬರೆಯುವವನಿಗೇ ಹೀಗಾದರೆ ಓದುವ ನಿನಗೆ ಆಗಬಾರದಾ?

ಬುದ್ಧಿ ಹೇಳೋಕೆ ನಾನ್ಯಾರು. ಆದರೂ, ಇಂಥ ಪುಸ್ತಕ ಒಬ್ಬಳೇ ಓದಬೇಡ. ಅರ್ಧಂಬರ್ಧ ಕೇಳುವವರಿಗಾದರೂ ಸರಿ, ಕಥೆ ಹೇಳು. ಊಟ, ನಿದ್ದೆ ಬಿಟ್ಟುಹೋಗುವಷ್ಟು ಖಾಲಿ ಅನ್ನಿಸುತ್ತಿದ್ದರೆ ಮುಚ್ಚಿಡಬೇಡ. ಡಾಕ್ಟರ ಹತ್ತಿರ ಹೋಗೋಣ, ನಾನೂ ಜೊತೆಗೆ ಬರುತ್ತೇನೆ. ಜಾಸ್ತಿ ಹೇಳಿದೆನೇನೋ.

ಯಾವ ಪುಸ್ತಕ ಮುಗಿಸಿದ ಮೇಲೆ ಹೀಗಾಯಿತು ಅಂತ ನೀನು ಬರೆದೇ ಇಲ್ಲ. ಮೊದಲು ಅದನ್ನು ತಿಳಿಸು. ನನ್ನ ಹತ್ತಿರ ಇಲ್ಲದಿದ್ದರೆ ನಿನ್ನದನ್ನೇ ಕಳಿಸು.

ನಿನ್ನ ದೊಡ್ಡಪ್ಪ