ಅರಸೀಕೆರೆಯ ಹೊಸ ಮೇಷ್ಟ್ರಿಗೊಂದು ಪತ್ರ

ಮೂಡಿಗೆರೆ

ಪ್ರೀತಿಯ ಗೆಳೆಯಾ,

ಅರಸೀಕೆರೆ ಕಡೆಯ ಹೈಸ್ಕೂಲಿಗೆ ನಿನ್ನ ಪೋಸ್ಟಿಂಗ್ ಆಯಿತೆಂದು ತಿಳಿದು ಬಹಳ ಖುಷಿಯಾಯಿತು. ಎಂಟನೇ ಕ್ಲಾಸಿನಲ್ಲಿ ಕಣ್ಣು ಕಾಣದ ಒಬ್ಬಳು ಹುಡುಗಿ, ಕಿವಿಗೆ ಮೆಷಿನ್ ಹಾಕಿಕೊಳ್ಳುವ ಒಬ್ಬ ಹುಡುಗ ಇದ್ದಾರೆ, ಇವರಿಗೆ ಯಾವ ಆ್ಯಪ್ ಹಾಕಿಕೊಡಲಿ ಅಂತ ಕೇಳಿದ್ದೀಯ. ಆ್ಯಪ್‌ಗಳ ಹೆಸರು ಹೇಳುವುದು ಎರಡು ಸಾಲಿನ ಕೆಲಸ, ಹೇಳುತ್ತೇನೆ. ಆದರೆ ಮಗುವಿನ ಕೈಗೆ ಸಾಧನ ಕೊಟ್ಟ ಮಾತ್ರಕ್ಕೆ ಅರ್ಧ ಕೆಲಸವೂ ಮುಗಿದಂತಲ್ಲ ಮಾರಾಯಾ. ನಮ್ಮ ಪಾಠ ಆ ಸಾಧನಕ್ಕೆ ಸಿಗುವ ಹಾಗಿರಬೇಕು. ಅದನ್ನು ಮೇಷ್ಟ್ರೇ ಮಾಡಬೇಕು, ಬೇರೆ ಯಾರೂ ಬಂದು ಮಾಡಿಕೊಡುವುದಿಲ್ಲ.

ಹುಡುಗಿಯ ಮನೆಯಲ್ಲಿ ಸಾಧಾರಣ ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರುತ್ತದೆ, ಅದರೊಳಗೆ ಟಾಕ್‌ಬ್ಯಾಕ್. ಬೆರಳು ಮುಟ್ಟಿದಲ್ಲಿ ಏನಿದೆಯೋ ಅದನ್ನು ಫೋನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕನ್ನಡದ ಧ್ವನಿಯನ್ನು ಒಮ್ಮೆ ಡೌನ್‌ಲೋಡ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದ ಕಡೆಯೂ ಮಾತಾಡುತ್ತದೆ. ನಮ್ಮ ತೋಟದ ಲೈನ್ ಮನೆಗಳ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಶಾಲೆಯ ಕಂಪ್ಯೂಟರಿಗೆ ಎನ್‌ವಿಡಿಎ ಹಾಕು, ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಅದು, ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣದು. ಅದರ ಜೊತೆಗೇ ಬರುವ ಈಸ್ಪೀಕ್ ಧ್ವನಿ ಕನ್ನಡ ಓದುತ್ತದೆ. ಕೇಳಲು ಒರಟು, ಆದರೂ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ. ನಮ್ಮ ಶಾಲೆಯಲ್ಲಿರುವ ಕಣ್ಣು ಕಾಣದ ಹುಡುಗಿ ಅದನ್ನು ಎಷ್ಟು ವೇಗಕ್ಕೆ ಇಟ್ಟುಕೊಳ್ಳುತ್ತಾಳೆಂದರೆ ಪಕ್ಕದಲ್ಲಿ ಕೂತವರಿಗೆ ಒಂದಕ್ಷರವೂ ಹಿಡಿಯುವುದಿಲ್ಲ. "ಸರ್, ನಿಮಗೆ ಸ್ಲೋ ಮಾಡ್ಲಾ?" ಅಂತ ಕೇಳುತ್ತಾಳೆ.

ಅಸಲು ತೊಡಕು ಇಲ್ಲಿಂದ ಮುಂದೆ. ನಮ್ಮಲ್ಲಿ ಪ್ರಶ್ನೆಪತ್ರಿಕೆ, ನೋಟ್ಸು ಅಂತ ಕೈಗೆ ಬರುವುದರಲ್ಲಿ ಬಹಳಷ್ಟು ಇವತ್ತಿಗೂ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲೇ ಇರುತ್ತದೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳು, ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ ಅಷ್ಟೆ. 'ಕನ್ನಡ' ಅಂತ ಟೈಪ್ ಮಾಡಿದರೆ ಫೈಲಿನಲ್ಲಿ ಉಳಿಯುವುದು ಇಂಗ್ಲಿಷಿನ ಒಂದು ಪಿ, ತಲೆಯ ಮೇಲೆ ಗೀರಿರುವ ಎ, ಪೌಂಡ್ ಗುರುತು, ಕೊನೆಯ ಹೊತ್ತಿಗೆ ಒಂದು ಕ್ಯೂ. ಎನ್‌ವಿಡಿಎ ಪಾಪ ಇದ್ದದ್ದನ್ನು ಇದ್ದಹಾಗೆ ಓದುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೂತ ಮಗುವಿಗೆ ವಿಜ್ಞಾನದ ಮೊದಲ ಪ್ರಶ್ನೆ ಹೀಗೆ ಪಿ, ಪೌಂಡ್, ಕ್ಯೂ ಅಂತ ಕೇಳಿಸುತ್ತದೆ. ತಪ್ಪು ತನ್ನದೇ ಇರಬೇಕು ಅಂದುಕೊಂಡು ಅದು ಮತ್ತೆ ಮತ್ತೆ ಅದೇ ಸಾಲಿಗೆ ಹೋಗುತ್ತದೆ. ನೋಡುವುದಕ್ಕೆ ಸಂಕಟವಾಗುತ್ತದೆ ಕಣೋ. ಮಗುವಿಗೂ ಚೆನ್ನಾಗಿ ಬರುತ್ತದೆ, ಕಂಪ್ಯೂಟರೂ ಸರಿಯಿದೆ, ನಡುವೆ ನಾವು ಕೊಟ್ಟ ಫೈಲೊಂದು ಅಡ್ಡ ನಿಂತಿದೆ.

ಆದ್ದರಿಂದ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲೇ ಟೈಪ್ ಮಾಡು, ಅದರಲ್ಲಿ ಕನ್ನಡ ಅಕ್ಷರ ಫೈಲಿನೊಳಗೂ ಕನ್ನಡವಾಗಿಯೇ ಇರುತ್ತದೆ. ಹಳೆಯದೋ ಹೊಸದೋ ಅಂತ ಅನುಮಾನ ಬಂದರೆ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿ ನೋಡು. ಕನ್ನಡವಾಗಿಯೇ ಉಳಿದರೆ ಸರಿ, ಚಿತ್ರವಿಚಿತ್ರ ಗುರುತಾದರೆ ಹಳೆಯದು. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಒಮ್ಮೆ ಓದಿ ತಿದ್ದಲೇಬೇಕು. ಪುಸ್ತಕದ ಪುಟವನ್ನು ಫೋಟೋ ಹೊಡೆದು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುತ್ತೇವಲ್ಲ, ಅದೂ ಬರೀ ಚಿತ್ರ, ನೇರವಾಗಿ ಓದಲು ಒಳಗೆ ಅಕ್ಷರವೇ ಇರುವುದಿಲ್ಲ. ಗೂಗಲ್ ಲೆನ್ಸ್‌ನಿಂದ ಅಕ್ಷರ ತೆಗೆದು, ತಿದ್ದಿ, ಆಮೇಲೆ ಕಳಿಸು. ಪಾಠದ ಹಿಂದಿನ ದಿನವೇ ಕಳಿಸಬೇಕು. ಉಳಿದ ಮಕ್ಕಳು ಬೋರ್ಡ್ ನೋಡುತ್ತಾ ಹಿಡಿಯುವುದನ್ನು ಅವಳು ಮೊದಲೇ ಕೇಳಿಕೊಂಡು ಬಂದಿರುತ್ತಾಳೆ.

ಇನ್ನು ಬೋರ್ಡಿನ ವಿಷಯ. "ಇದನ್ನು ಇದರಿಂದ ಭಾಗಿಸಿದರೆ ಇಷ್ಟು ಬರುತ್ತೆ, ಇಲ್ಲಿ ನೋಡಿ" ಅಂತ ಸೀಮೆಸುಣ್ಣದಲ್ಲಿ ತೋರಿಸುತ್ತಾ ಹೋಗುವುದು ಗಣಿತದವರಿಗೆಲ್ಲ ರೂಢಿ. ಆ ಒಂದು ವಾಕ್ಯದಲ್ಲಿ ಅವಳ ಪಾಲಿಗೆ ಏನೂ ಇಲ್ಲ. ಬರೆಯುವುದನ್ನೆಲ್ಲ ಬಾಯಲ್ಲಿ ಹೇಳುತ್ತಾ ಬರೆ. 'ಎ ಪ್ಲಸ್ ಬಿ ಸ್ಕ್ವೇರ್' ಅಂದರೆ ಬಿಗೆ ಮಾತ್ರ ಸ್ಕ್ವೇರೋ, ಎರಡಕ್ಕೂ ಸೇರಿಸಿಯೋ? 'ಬ್ರಾಕೆಟ್ಟಿನೊಳಗೆ ಎ ಪ್ಲಸ್ ಬಿ, ಬ್ರಾಕೆಟ್ ಮುಗಿಯಿತು, ಇಡೀ ಸ್ಕ್ವೇರ್' ಅನ್ನು. ಹೀಗೆ ಹೇಳುವುದು ರೂಢಿಯಾದ ಮೇಲೆ ನಮ್ಮ ಕ್ಲಾಸಿನಲ್ಲಿ ಕಣ್ಣು ಕಾಣುವ ಮಕ್ಕಳೂ ಬ್ರಾಕೆಟ್ ಬಿಡುವುದು ಕಡಿಮೆಯಾಯಿತು.

ಎಲ್ಲಕ್ಕೂ ಕರೆಂಟೇ ಬೇಕೆಂದಿಲ್ಲ. ಭೂಪಟಕ್ಕೆ ರಟ್ಟು, ಗೋಂದು, ಹುರಿ ಸಾಕು. ಹೇಮಾವತಿಗೆ ಒಂದು ದಪ್ಪ ಹುರಿ ಅಂಟಿಸಿದೆವು: ನಮ್ಮ ತಾಲ್ಲೂಕಿನ ಜಾವಳಿಯಲ್ಲಿ ಶುರು, ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟೆ, ಅಲ್ಲಿಂದ ಮುಂದೆ ಕಾವೇರಿ. ಘಟ್ಟಕ್ಕೆ ಕಾಫಿ ಬೀಜ, ಗೊರೂರಿಗೆ ಒಂದು ಗುಂಡಿ. ನಮ್ಮ ಹುಡುಗಿ ಜಾವಳಿಯಿಂದ ಬೆರಳಿಟ್ಟುಕೊಂಡು ನಿಧಾನಕ್ಕೆ ಬಂದು, ಗೊರೂರಿನ ಗುಂಡಿ ಸಿಕ್ಕಾಗ ನಿಂತು, "ಹಾಗಾದ್ರೆ ನಮ್ಮನೆ ಹತ್ರದ ನೀರೇ ಹಾಸನದವರಿಗೆ ಹೋಗೋದು" ಅಂದಳು. ಆ ಪಾಠದಲ್ಲಿ ಅದಕ್ಕಿಂತ ಒಳ್ಳೆಯ ಮಾತನ್ನು ಬೇರೆ ಯಾರೂ ಆಡಲಿಲ್ಲ.

ಹುಡುಗನ ವಿಷಯಕ್ಕೆ ಬರುತ್ತೇನೆ. ಕಿವಿಯ ಮೆಷಿನ್ ನಿನ್ನ ಮಾತನ್ನಷ್ಟೇ ಆರಿಸಿಕೊಳ್ಳುವುದಿಲ್ಲ, ಸುತ್ತಲಿನ ಗದ್ದಲವನ್ನೂ ಸೇರಿಸಿ ಜೋರು ಮಾಡುತ್ತದೆ. ನಮ್ಮಲ್ಲಿ ಜುಲೈ ತಿಂಗಳು ಶೀಟಿನ ಮೇಲೆ ಮಳೆ ಬಡಿಯುವಾಗ ಎಲ್ಲರಿಗೂ ಪಾಠ ಕೇಳುವುದು ಕಷ್ಟ, ಅವನಿಗಂತೂ ಕಿವಿಯೊಳಗೇ ಮಳೆ. ನಿಮ್ಮ ಕಡೆ ಮಳೆ ಕಮ್ಮಿ, ಆದರೆ ಫ್ಯಾನು ಕಿರುಗುಟ್ಟುತ್ತದೆ, ರಸ್ತೆಯಲ್ಲಿ ಲಾರಿ ಓಡುತ್ತದೆ. ಅವನನ್ನು ಮುಂದಿನ ಬೆಂಚಿನಲ್ಲಿ, ಫ್ಯಾನಿನಿಂದ ದೂರ ಕೂರಿಸು. ದೂರ ಎರಡರಷ್ಟಾದರೆ ಮಾತಿನ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಆದ್ದರಿಂದ ಕೂಗುವುದಕ್ಕಿಂತ ಹತ್ತಿರ ಹೋಗುವುದು ಮೇಲು. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡ, ತುಟಿ ಕಾಣಬೇಕು. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ನೀನಾಡಿದ್ದನ್ನು ಕನ್ನಡ ಅಕ್ಷರದಲ್ಲಿ ತೋರಿಸುತ್ತದೆ. ಊರ ಹೆಸರು, ವಿಜ್ಞಾನದ ಪದಗಳು ಬಂದಾಗ ಎಡವುತ್ತದೆ, ಹಾಗಾಗಿ ಅವತ್ತಿನ ಮುಖ್ಯ ಪದಗಳನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಡು.

ಮೆಷಿನ್ ತೇವಕ್ಕೆ ಬೇಗ ಕೆಡುತ್ತದೆ. ರಾತ್ರಿ ತೆಗೆದಾಗ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಲು ಅವನ ಅಮ್ಮನಿಗೆ ಹೇಳು. ಸ್ಟಿಕ್ಕರ್ ಅಂಟಿಸಿದ ಗುಂಡು ಬ್ಯಾಟರಿ ಆಗಿದ್ದರೆ, ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಗಾಳಿ ಸೇರಿದಾಗಲೇ ಅದು ಕೆಲಸ ಶುರು ಮಾಡುವುದು. ಬ್ಯಾಟರಿ ಮುಗಿದದ್ದನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಬೆಳಿಗ್ಗೆ ಹಾಜರಿ ಕರೆಯುವಾಗಲೇ ಒಂದು ಮಾತು ಕೇಳಿ ನೋಡು.

ನೀನು ಬರೆಯದೇ ಇರುವ ಇನ್ನೊಂದು ಮಗುವೂ ಆ ಕ್ಲಾಸಿನಲ್ಲಿ ಇರಬಹುದು. ಮಾತಿನಲ್ಲಿ ಚುರುಕು, ಓದಲು ಕೂತರೆ ಅಕ್ಷರ ತಡವರಿಸುವುದು, ಎಲ್ಲರೂ ಸೋಮಾರಿ ಅಂತ ಬೈಯುವುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅಂಥ ಮಗುವಿಗೂ ಪಾಠವನ್ನು ಫೋನಿನಲ್ಲಿ ಕೇಳುತ್ತಾ ಸಾಲಿನ ಮೇಲೆ ಬೆರಳಿಟ್ಟು ಓದಲು ಹೇಳು.

ಪರೀಕ್ಷೆಯ ಕಾಗದಪತ್ರ ಎಂಟನೇ ಕ್ಲಾಸಿನಿಂದಲೇ ಶುರುವಾಗಲಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆಯೇ ನೋಡು, ಇಲ್ಲದಿದ್ದರೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಬಿಐಇಆರ್‌ಟಿಯವರನ್ನು, ಅಂದರೆ ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ಹಿಡಿ, ಅವರಿಗೆ ದಾರಿ ಗೊತ್ತಿರುತ್ತದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು) ಪಡೆಯಲು ಅರ್ಹರಾದವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚು ಸಮಯ ಕೊಡಬೇಕು, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಓಡಾಡಿದರೆ ಅಪ್ಪ ಅಮ್ಮನ ಕೂಲಿ ಹೋಗುತ್ತದೆ, ಮಗುವಿಗೆ ಆತಂಕ ಉಳಿಯುತ್ತದೆ. ಹುಡುಗಿಯನ್ನು ಸುಗಮ್ಯ ಪುಸ್ತಕಾಲಯಕ್ಕೂ ಸೇರಿಸು. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ ಅದು. ಪಠ್ಯ ಬಿಟ್ಟು ಕತೆ ಪುಸ್ತಕ ಓದುವ ಆಸೆ ಅವಳಿಗೂ ಇರುತ್ತದಲ್ಲ.

ಮೊದಲ ಟೆಸ್ಟಿನ ಪ್ರಶ್ನೆಪತ್ರಿಕೆ ತಯಾರಾದ ಕೂಡಲೇ ಫೈಲನ್ನು ನನಗೆ ಕಳಿಸು. ನಮ್ಮ ಹುಡುಗಿ ಎನ್‌ವಿಡಿಎಯಲ್ಲಿ ಕೇಳಿ, ಎಲ್ಲೆಲ್ಲಿ ತೊಡಕಿದೆ ಅಂತ ಗುರುತು ಹಾಕಿಕೊಡುತ್ತೇನೆ ಅಂದಿದ್ದಾಳೆ. 'ಚಿತ್ರ ನೋಡಿ ಉತ್ತರಿಸಿ' ಅನ್ನುವ ಪ್ರಶ್ನೆ ಇದ್ದರೆ ಚಿತ್ರದಲ್ಲೇನಿದೆ ಎಂದು ಕೆಳಗೆ ಎರಡು ಸಾಲು ಬರೆದಿರಬೇಕಂತೆ, ಅದನ್ನು ನಿನಗೆ ಮೊದಲೇ ತಿಳಿಸಲು ಹೇಳಿದ್ದಾಳೆ.

ನಿನ್ನ ಗೆಳೆಯ